ದೊಡ್ಡತ್ತೆಯ ಸೂಜಿ ಪರೀಕ್ಷೆ

ದೊಡ್ಡತ್ತೆಯ ರವಿಕೆಯ ಎಡತೋಳಿಗೆ ಯಾವಾಗಲೂ ಒಂದು ಸೂಜಿ ಚುಚ್ಚಿರುತ್ತಿತ್ತು. ಅದಕ್ಕೆ ಬಿಳಿ ದಾರ ಸುತ್ತಿರುತ್ತಿತ್ತು. ಮದುವೆಗೆ ಹೊರಡಲಿ, ಮಸ್ಕಿಯ ಗುಡ್ಡ ಹತ್ತಲಿ, ಸಾವಿನ ಮನೆಗೆ ಹೋಗಲಿ, ಸೂಜಿ ಜೊತೆಗಿರಲೇಬೇಕು. ಪ್ರೀತಿಯಿಂದ ತಬ್ಬಿಕೊಂಡವರಿಗೆ ಚುಚ್ಚುತ್ತಿತ್ತು. ನನಗೂ ಎಷ್ಟೋ ಸಲ ಚುಚ್ಚಿದೆ. ಆಕೆ ತೀರಿಕೊಂಡ ದಿನ ಮೈ ತೊಳೆಯುವಾಗ ನನ್ನ ಕೈ ಮೊದಲು ಹೋದದ್ದು ಆ ತೋಳಿಗೇ. ಅಲ್ಲಿ ಸೂಜಿ ಇರಲಿಲ್ಲ. ಅದನ್ನು ಆಕೆ ಬಿಟ್ಟು ವರ್ಷಗಳೇ ಆಗಿದ್ದವು, ನನಗದು ಗೊತ್ತೂ ಇತ್ತು. ಆದರೂ ಕೈ ಹೋಯಿತು.

ದೊಡ್ಡತ್ತೆ ಎಂದರೆ ನನ್ನ ಗಂಡನ ದೊಡ್ಡಮ್ಮ, ನಮ್ಮತ್ತೆಯ ಖಾಸಾ ಅಕ್ಕ. ನಮ್ಮತ್ತೆ ನನ್ನ ಮದುವೆಗೆ ಮುಂಚೆಯೇ ತೀರಿಹೋಗಿದ್ದರು. ಅವರ ಇಬ್ಬರು ಗಂಡುಮಕ್ಕಳನ್ನು ತನ್ನ ಒಬ್ಬನೇ ಮಗನ ಜೊತೆಗೆ ಸಾಕಿ ದೊಡ್ಡವರನ್ನಾಗಿ ಮಾಡಿದವಳು ಈಕೆ. ಮಸ್ಕಿಯಲ್ಲಿ ನಮ್ಮವು ಅಕ್ಕಪಕ್ಕದ ಎರಡು ಮನೆ. ನಡುವಿನ ಗೋಡೆ ಒಡೆಸಿ ಬಾಗಿಲು ಇಡಿಸಿದ್ದರು, ಒಲೆ ಒಂದೇ. ಆಕೆಗೂ ಹೆಸರಿತ್ತು, ಒಳ್ಳೆಯ ಹೆಸರೇ. ಆದರೆ ಓಣಿಗೆಲ್ಲ ದೊಡ್ಡಮ್ಮ, ನನಗೆ ದೊಡ್ಡತ್ತೆ. ಹೆಸರು ಹಿಡಿದು ಕರೆಯುವವರು ಆಕೆಯ ತವರೂರು ಸಂತೆಕಲ್ಲೂರಿನಲ್ಲಿ ಮಾತ್ರ ಉಳಿದಿದ್ದರು.

ನಾನು ಆಕೆಯನ್ನು ಮೊದಲು ಕಂಡದ್ದು ಲಿಂಗಸುಗೂರಿನ ನನ್ನ ತವರುಮನೆಯಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನನ್ನನ್ನು ನೋಡಲು ಬಂದಾಗ. ಆಗ ನಮ್ಮ ಕಡೆ ಹೆಣ್ಣು ನೋಡುವುದಕ್ಕೂ ಎತ್ತು ನೋಡುವುದಕ್ಕೂ ಬಹಳ ಫರಕು ಇರಲಿಲ್ಲ. ನಡೆಸಿ ನೋಡುತ್ತಿದ್ದರು, ಮಾತಾಡಿಸಿ ನೋಡುತ್ತಿದ್ದರು, ಜಡೆ ಬಿಚ್ಚಿಸುತ್ತಿದ್ದರು. ಕಣ್ಣಿನ ಪರೀಕ್ಷೆಗೆ ಸೂಜಿ ಕೊಡುತ್ತಿದ್ದರು. ಆ ಪರೀಕ್ಷೆಯಲ್ಲಿ ನಮ್ಮ ದೊಡ್ಡತ್ತೆ ಹೆಸರುವಾಸಿ. ಬಳಗದಲ್ಲಿ ಯಾರೇ ಹೆಣ್ಣು ನೋಡಲು ಹೊರಟರೂ ಆಕೆಯನ್ನು ಬಸ್ಸು ಹತ್ತಿಸಿಕೊಂಡೇ ಹೋಗುತ್ತಿದ್ದರು. ಆಕೆ ತೋಳಿನಿಂದ ಸೂಜಿ ಕಿತ್ತು, ದಾರ ಹೊರಗೆಳೆದು, ಅದರ ತುದಿಯನ್ನು ಬೇಕೆಂದೇ ಬೆರಳಲ್ಲಿ ಹೊಸಕಿ ಎಳೆ ಬಿಡಿಸಿ ಕೊಡುತ್ತಿದ್ದಳು.

"ಪೋಣಿಸವ್ವಾ, ನೋಡೂಣು."

ನಾನು ದಾರದ ತುದಿಯನ್ನು ತುಟಿಗೆ ಹಚ್ಚಿ ಒಂದೇ ಸಲಕ್ಕೆ ಪೋಣಿಸಿಬಿಟ್ಟೆ.

"ಕಣ್ಣು ಬಂಗಾರ ಅದಾವ. ಇನ್ನೇನ್ ನೋಡ್ತೀರಿ, ಸಕ್ರಿ ಹಂಚ್ರಿ" ಎಂದು ಆಕೆ ತೀರ್ಪು ಕೊಟ್ಟಳು. ಬಾಗಿಲ ಹಿಂದೆ ನಿಂತಿದ್ದ ನಮ್ಮವ್ವ ಸೆರಗಿನಿಂದ ಬೆವರು ಒರೆಸಿಕೊಂಡಳು. ಏಕೆಂದರೆ ಎದುರು ಮನೆಯ ಕಟ್ಟೆಯ ಮೇಲೆ ಕೂತವರು ಗಂಡಸರೋ ಹೆಂಗಸರೋ ಎಂಬುದು ನನಗೆ ಗೊತ್ತಾಗುತ್ತಿರಲಿಲ್ಲ. ಶಾಲೆಯಲ್ಲಿದ್ದಾಗ ಹಲಗೆಯ ಅಕ್ಷರ ಕಾಣುವುದಿಲ್ಲವೆಂದು ಗುರುಗಳು ಹೇಳಿ ಕಳಿಸಿದ್ದರು. "ಚಸ್ಮಾ ಹಾಕ್ಕೊಂಡ ಹುಡುಗೀನ ಯಾರು ಮಾಡ್ಕೊಂತಾರ?" ಎಂದು ಅವ್ವ ಆ ಮಾತನ್ನು ಅಲ್ಲಿಗೇ ಮುಚ್ಚಿಹಾಕಿದ್ದಳು.

ಗುಟ್ಟು ಬಯಲಾದದ್ದು ಮಸ್ಕಿಯ ಸಂತೆಯಲ್ಲಿ. ಗಂಡ ನಿಂತಿದ್ದಾರೆಂದು ತಿಳಿದು ಬದನೆಕಾಯಿ ಚೀಲವನ್ನು ಯಾರೋ ಗುರುತಿಲ್ಲದವನ ಕೈಗೆ ಕೊಟ್ಟು, "ಜಲ್ದಿ ನಡೀರಿ" ಎಂದುಬಿಟ್ಟೆ. ಆ ಪುಣ್ಯಾತ್ಮ ಗಾಬರಿಯಾಗಿ ಚೀಲ ಹಿಡಿದುಕೊಂಡು ಸ್ವಲ್ಪ ದೂರ ಬಂದೂ ಬಂದ. ಮರುವಾರವೇ ನನ್ನವರು ನನ್ನನ್ನು ಸಿಂಧನೂರಿಗೆ ಕರೆದುಕೊಂಡು ಹೋಗಿ ಚಸ್ಮಾ ಮಾಡಿಸಿಕೊಟ್ಟರು. ಮಸ್ಕಿಯ ಗುಡ್ಡಕ್ಕೆ ಮೆಟ್ಟಿಲುಗಳಿವೆ ಎಂದು ನಾನು ಮನೆ ಬಾಗಿಲಿಂದ ನೋಡಿದ್ದು ಆವತ್ತೇ.

ದೊಡ್ಡತ್ತೆಗೆ ಇದು ಅರ್ಥವಾಗಲಿಲ್ಲ. "ಸೂಜಿ ಪೋಣಿಸಾಕಿಗೆ ಚಸ್ಮಾ ಯಾಕ ಬೇಕವ್ವಾ?"

"ಸೂಜಿ ಮೂಗಿನ ಮುಂದ ಇರತೈತ್ರಿ ಅತ್ತಿ. ನನಗ ಕಾಣಲಾರದ್ದು ದೂರಿಂದು."

ಆಕೆ ಸೂಜಿ ಕಿತ್ತು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಿದ್ದು ಬಿದ್ದು ನಕ್ಕಳು. "ಇಷ್ಟು ದಿನ ಇದು ನನಗ ಮೋಸ ಮಾಡಾಕತ್ತಿತ್ತೇನು! ಹೊರಗ ಯಾರ ಮುಂದೂ ಹೇಳಬ್ಯಾಡ ನಮ್ಮವ್ವ, ನನ್ನ ಮರ್ಯಾದಿ ಹೋಗತೈತಿ." ಆ ಮಾತು ನಗುವಿನಲ್ಲೇ ಮುಗಿಯಿತು. ಸೂಜಿಯ ಮೇಲಿನ ನಂಬಿಕೆ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ.

ಕದಲುವುದಾದರೂ ಹೇಗೆ? ಆಕೆಯ ಬದುಕೆಲ್ಲ ಸೂಜಿಯದೇ. ನಮ್ಮ ಓಣಿಯಲ್ಲಿ ಯಾವ ಬಸುರಿಗೆ ತಿಂಗಳು ತುಂಬುತ್ತ ಬಂದರೂ ದೊಡ್ಡತ್ತೆ ಹಳೆ ಸೀರೆಗಳನ್ನು ಕೇಳಿ ತಂದು ಕೌದಿ ಹೊಲಿಯಲು ಕೂಡುತ್ತಿದ್ದಳು. ಬಟ್ಟೆ ಮೆತ್ತಗಿದೆಯೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗುತ್ತದೆ. ಒಂದು ಸುತ್ತು, ಅದರೊಳಗೆ ಇನ್ನೊಂದು ಸುತ್ತು, ಹೀಗೆ ಒಳಗೊಳಗೆ ಬಂದು ಕೊನೆಗೆ ನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದನ್ನು ಹೊಲಿದು ಮುಗಿಸುವ ಮೊದಲು ಕೌದಿಯ ಹೊಟ್ಟೆ ತುಂಬಿಸಬೇಕೆಂದು ಆಕೆ ಗೋದಿಯ ಸಿಹಿ ಮಾದಲಿ ಮಾಡಿ ಅಲ್ಲಿಡುತ್ತಿದ್ದಳು. "ಇದರ ಹೊಟ್ಟಿ ತುಂಬಿದ್ರ ಹೊತಗೊಂಡ ಕೂಸಿನ ಹೊಟ್ಟಿನೂ ತುಂಬಿರತೈತಿ." ನನ್ನ ಮಗಳು ಅಂಥ ಕೌದಿಯಲ್ಲೇ ಬೆಳೆದಳು.

ಚಸ್ಮಾ ಬರೆದುಕೊಟ್ಟ ಸಿಂಧನೂರಿನ ಡಾಕ್ಟರು ಆವತ್ತೇ ನನಗೊಂದು ಮಾತು ಹೇಳಿದ್ದರು: ನಲವತ್ತು ದಾಟಿದವರು ನೋವಿರಲಿ ಬಿಡಲಿ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು, ಮನೆತನದಲ್ಲಿ ಯಾರಾದರೂ ಕಣ್ಣು ಕಳೆದುಕೊಂಡಿದ್ದರಂತೂ ತಪ್ಪಿಸಲೇಬಾರದು. ನನಗೆ ತಕ್ಷಣ ನೆನಪಾದದ್ದು ದೊಡ್ಡತ್ತೆಯ ಅಪ್ಪ. ಸಂತೆಕಲ್ಲೂರಿನ ಆ ಅಜ್ಜನಿಗೆ ಕೊನೆಗಾಲದಲ್ಲಿ ಏನೂ ಕಾಣುತ್ತಿರಲಿಲ್ಲವಂತೆ. ಮಲಗುವ ಹೊರಸಿನಿಂದ ಬಚ್ಚಲತನಕ ಒಂದು ಹಗ್ಗ ಕಟ್ಟಿದ್ದರಂತೆ, ಅದನ್ನು ಹಿಡಿದು ಹೋಗಿ ಬರುತ್ತಿದ್ದನಂತೆ. ವಯಸ್ಸಾಯಿತು, ಕಣ್ಣು ಹೋದವು ಎಂದು ಎಲ್ಲರೂ ಸುಮ್ಮನಾಗಿದ್ದರು.

ಡಾಕ್ಟರ ಮಾತು ತಿಳಿಸಿದಾಗ ದೊಡ್ಡತ್ತೆ ನನ್ನೆದುರಿಗೇ ಸೂಜಿ ಪೋಣಿಸಿದಳು. "ನೋಡು, ಒಳಗ ಹೋತು. ನನಗೇನಾಗೈತಿ?" ಅಂದಿನಿಂದ ಅದು ದಿನದ ನೇಮವೇ ಆಯಿತು. ಮುಖ ತೊಳೆದು, ವಿಭೂತಿ ಹಚ್ಚಿ, ಬಾಗಿಲ ಬೆಳಕಿಗೆ ನಿಂತು ಒಮ್ಮೆ ಸೂಜಿ ಪೋಣಿಸುವುದು, ನನ್ನತ್ತ ತಿರುಗಿ ಹುಬ್ಬು ಹಾರಿಸುವುದು. ನಾನು ಬಾಯಿಜೋರಿನವಳು. ಆದರೂ ಕಣ್ಣೆದುರಿಗೆ ಸೂಜಿಯೊಳಗೆ ದಾರ ಹೋಗುತ್ತಿದ್ದರೆ ಏನೆಂದು ವಾದ ಮಾಡುವುದು?

ಕೆಲವು ವರ್ಷ ಹೀಗೇ ಕಳೆದವು. ಆಮೇಲೆ ದೊಡ್ಡತ್ತೆಗೆ ಸೊಕ್ಕು ಬಂದಿದೆ ಎಂಬ ಮಾತು ಓಣಿಯಲ್ಲಿ ಎದ್ದಿತು.

ಕಟ್ಟೆಯ ಮೇಲೆ ಕೂತು ಬಂದುಹೋಗುವವರನ್ನೆಲ್ಲ "ಎಲ್ಲಿಗಿ ಹೊಂಟಿ, ಉಂಡೇನು" ಎಂದು ಕೇಳದೆ ಬಿಡದಿದ್ದ ಹೆಂಗಸು ಈಗ ಬದಿಯಿಂದ ಯಾರಾದರೂ ನಕ್ಕರೆ ನಗುತ್ತಿರಲಿಲ್ಲ. ಪಕ್ಕದಲ್ಲಿ ಬಂದು ನಿಂತವರನ್ನು ನೋಡುತ್ತಿರಲಿಲ್ಲ. ಮಗನಿಗೆ ಹಟ್ಟಿಯ ಬಂಗಾರದ ಗಣಿಯಲ್ಲಿ ನೌಕರಿ ಕಾಯಂ ಆಗಿದ್ದೂ ಅದೇ ಹೊತ್ತಿಗೆ. "ಮಗಗ ಪಗಾರ ಬರಾಕತ್ತಿದ ಮ್ಯಾಲ ದೊಡ್ಡಮ್ಮಗ ನಾವು ಕಾಣವಲ್ಲಿವಿ" ಎಂದು ಎದುರು ಮನೆಯ ಮುದುಕಿ, ಆಕೆಯ ಜೀವದ ಗೆಳತಿ, ಎಲ್ಲರೆದುರು ಆಡಿಕೊಂಡಳು. ಒಂದು ಮದುವೆಯಲ್ಲಿ ಈ ಗೆಳತಿ ಎಲೆಯಡಿಕೆ ತಟ್ಟೆಯನ್ನು ಬದಿಯಿಂದ ಮುಂದೆ ಚಾಚಿದ್ದಳಂತೆ, ದೊಡ್ಡತ್ತೆ ತೆಗೆದುಕೊಳ್ಳದೆ ಎದ್ದು ಹೋದಳಂತೆ. ಅಂದಿನಿಂದ ಇಬ್ಬರಿಗೂ ಮಾತು ನಿಂತಿತು.

ದೊಡ್ಡತ್ತೆ ಅದಕ್ಕಾಗಿ ಅತ್ತಿದ್ದನ್ನು ನಾನು ನೋಡಿದ್ದೇನೆ. "ಆಕಿ ತಟ್ಟಿ ಚಾಚಿದ್ದು ನಾ ನೋಡಿದ್ರ ಬಿಡ್ತಿದ್ನೇನ? ನನ್ನ ಮ್ಯಾಲ ಯಾಕ ಹಿಂಗ ಹಗಿ ಸಾಧಿಸಾಕತ್ಯಾರ ಎಲ್ಲಾರು?" ಮನೆಯಲ್ಲೂ ಜಗಳ ಹೆಚ್ಚಿತು. ಕೊಡ ಎಡವಿದರೆ ಇಲ್ಲಿ ಕೊಡ ಇಟ್ಟವರಾರು ಎಂದು ಕೂಗಾಟ, ಚಹಾದ ಲೋಟ ಉರುಳಿದರೆ ನನಗೆ ಬೈಗುಳ. ನಾನೂ ಸುಮ್ಮನಿರುವವಳಲ್ಲ, ತಿರುಗಿ ಬೈಯುತ್ತಿದ್ದೆ. ಬೆಳಿಗ್ಗೆ ಮಾತ್ರ ಸೂಜಿಯೊಳಗೆ ದಾರ ಸಲೀಸಾಗಿ ಹೋಗುತ್ತಿತ್ತು.

ನನ್ನ ಮೈದುನನಿಗೆ ಹೆಣ್ಣು ನೋಡಲು ಜವಳಗೇರಾಕ್ಕೆ ಹೋದದ್ದು ತೊಂಬತ್ತರ ದಶಕದ ಮೊದಲಿಗೆ, ಭತ್ತದ ಸುಗ್ಗಿ ಮುಗಿದ ದಿನಗಳಲ್ಲಿ. ಅಂಗಳದ ತುಂಬ ಹುಲ್ಲಿನ ವಾಸನೆ. ಮಂಡಾಳ ಒಗ್ಗರಣಿ, ಮಿರ್ಚಿ, ಚಹಾ ಆಯಿತು. ಹುಡುಗಿ ಬಂದು ಕೂತಳು. ದೊಡ್ಡತ್ತೆ ಪದ್ಧತಿಯಂತೆ ಸೂಜಿ ಕಿತ್ತು ಕೊಟ್ಟಳು. ಹುಡುಗಿಯೂ ಪೋಣಿಸಿದಳು. "ಬಂಗಾರದಂಥಾ ಕಣ್ಣು" ಎಂದು ದೊಡ್ಡತ್ತೆ ಸಂತೋಷದಿಂದ ಎದ್ದು ನಿಂತಳು.

ಆಕೆಯ ಮಗ್ಗುಲಲ್ಲೇ ಹುಡುಗಿಯ ಅಜ್ಜಿ ಉಡಿ ತುಂಬಲು ಅಕ್ಕಿ, ಕುಪ್ಪಸದ ಖಣ ಇಟ್ಟ ತಟ್ಟೆ ಹಿಡಿದು ನಿಂತಿದ್ದಳು. ದೊಡ್ಡತ್ತೆ ಆ ಕಡೆ ಹೊರಳುತ್ತಲೇ ಅದಕ್ಕೆ ಡಿಕ್ಕಿ ಹೊಡೆದಳು. ತಟ್ಟೆ ಬಿದ್ದು ಅಕ್ಕಿ ಚೆಲ್ಲಾಪಿಲ್ಲಿಯಾಯಿತು. ಗಾಬರಿಯಾಗಿ ಹಿಂದೆ ಸರಿದವಳು ಪಡಸಾಲೆಯ ಅಂಚು ಕಾಣದೆ ಅಂಗಳಕ್ಕೆ ಬಿದ್ದಳು. ಎಲ್ಲರೂ ಓಡಿಬಂದು ಎತ್ತಿದೆವು. ಮಂಡಿ ತರಚಿತ್ತು, ಅಷ್ಟೇ. ಆದರೆ ಆಕೆಯ ಮುಖ ನೋಡಲಾಗುತ್ತಿರಲಿಲ್ಲ.

ಹುಡುಗಿಯ ಅಪ್ಪ ಒಳ್ಳೆಯ ಮನುಷ್ಯ. ನಗಲಿಲ್ಲ, ಸಿಟ್ಟಾಗಲಿಲ್ಲ. ನೀರು ತರಿಸಿಕೊಟ್ಟು ನನ್ನ ಗಂಡನಿಗೆ ಮೆಲ್ಲಗೆ ಕೇಳಿದ: "ನಮ್ಮ ಹುಡುಗಿ ಕಣ್ಣು ನೋಡಿದ್ರಿ, ಬರೋಬ್ಬರಿ ಆತು. ಅಮ್ಮಾರ ಕಣ್ಣು ಯಾರರೆ ನೋಡ್ಯಾರೇನ್ರಿ?"

ಆ ಮಾತು ದೊಡ್ಡತ್ತೆಯ ಕಿವಿಗೂ ಬಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ತರಚಿದ ಮಂಡಿಯ ಮೇಲೆ ಸೆರಗು ಎಳೆದುಕೊಂಡು ಕೂತಿದ್ದಳು. ಸಿಂಧನೂರು ಬಂದಾಗ ನಾನು ಕೈ ಹಿಡಿದು "ಇಳೀರಿ ಅತ್ತಿ" ಎಂದೆ. ಯಾಕೆ, ಎಲ್ಲಿಗೆ ಎಂದು ಕೇಳದೆ ಇಳಿದಳು. ಅಷ್ಟು ಸುಲಭವಾಗಿ ಆಕೆ ಒಪ್ಪಿದ್ದು ನೋಡಿ ನನಗೆ ಭಯವಾಯಿತು.

ನನಗೆ ಚಸ್ಮಾ ಬರೆದುಕೊಟ್ಟಿದ್ದ ಡಾಕ್ಟರೇ ಇದ್ದರು. ಗೋಡೆಯ ಮೇಲಿನ ಅಕ್ಷರಗಳ ಪಟವನ್ನು ದೊಡ್ಡತ್ತೆ ಕೆಳಗಿನ ಸಾಲಿನತನಕ ಓದಿದಳು. ನನ್ನೆದೆ ಸ್ವಲ್ಪ ಹಗುರಾಯಿತು. ಆಮೇಲೆ ಅವರು ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಆಕೆಯ ಒಂದು ಕಣ್ಣು ಮುಚ್ಚಿಸಿ, "ನನ್ನ ಮೂಗನ್ನೇ ನೋಡ್ರಿ ಅಮ್ಮಾ, ಬೆರಳು ಕಂಡ ಕೂಡಲೇ ಹೇಳ್ರಿ" ಎಂದು ತಮ್ಮ ಬೆರಳನ್ನು ಬದಿಯಿಂದ ಅಲ್ಲಾಡಿಸುತ್ತ ಒಳಗೆ ತಂದರು. ಬೆರಳು ಆಕೆಯ ಕಿವಿ ದಾಟಿತು, ಕೆನ್ನೆಯ ಮುಂದೆ ಬಂತು. ದೊಡ್ಡತ್ತೆ ಅವರ ಮೂಗನ್ನೇ ನೋಡುತ್ತ ಕೂತಿದ್ದಳು.

"ಯಾವಾಗ ತೋರಸ್ತೀರ್ರಿ ಬೆರಳು?" ಎಂದು ಕೇಳಿದಳು.

ನಾನು ಗೋಡೆಯ ಕಡೆ ತಿರುಗಿದೆ. ಬೆರಳು ಮೂಗಿನ ಹತ್ತಿರಕ್ಕೇ ಬಂದಾಗ ಆಕೆ "ಹಾಂ, ಕಂಡಿತ್ರಿ" ಎಂದಳು. ಇನ್ನೊಂದು ಕಣ್ಣಿನದೂ ಅದೇ ಪಾಡು. ಡಾಕ್ಟರು ಔಷಧಿ ಬಿಟ್ಟು ಕಣ್ಣು ಜೋಮು ಹಿಡಿಸಿ, ಸಣ್ಣ ಉಪಕರಣ ಇಟ್ಟು ಒತ್ತಡ ನೋಡಿದರು, ಬೆಳಕು ಬಿಟ್ಟು ಒಳಗೆ ನೋಡಿದರು. ಆಮೇಲೆ ಕೈ ತೊಳೆದು ಬಂದು ಕೂತರು. ಗ್ಲಾಕೋಮಾ ಎಂಬ ಹೆಸರನ್ನು ನಾನು ಕೇಳಿದ್ದು ಆಗಲೇ.

"ಪೊರಿ ಬಂದೈತಿ ಅನ್ರಿ" ಎಂದಳು ದೊಡ್ಡತ್ತೆ. "ತೆಗೀರಿ, ನಾ ಅಂಜಂಗಿಲ್ಲ. ನಮ್ಮ ಓಣ್ಯಾಗ ತೆಗಿಸ್ಕೊಂಡು ಚೊಲೊ ಕಾಣಾಕತ್ಯಾರ."

"ಪೊರೆ ಆಗಿದ್ರ ನನಗೂ ಸುಲಭ ಇತ್ತು ಅಮ್ಮಾ. ಪೊರೆ ತೆಗದ್ರ ಮತ್ತ ಕಾಣ್ತದ. ಇದು ಹಂಗಲ್ಲ. ಕಣ್ಣಿನೊಳಗಿನ ಒತ್ತಡಕ್ಕ ನರ ಒಣಗತದ. ನೋವಿಲ್ಲ, ಕೆಂಪಾಗೂದಿಲ್ಲ, ಗೊತ್ತ ಆಗೂದಿಲ್ಲ. ಮೊದಲು ಬದಿಯಿಂದು ಹೋಗತದ, ನಡುವಿಂದು ಕೊನೀಗೆ. ಹೋದದ್ದು ಬರೂದಿಲ್ಲ. ಉಳಿದದ್ದು ಉಳಿಸಿಕೊಳ್ಳೂಣ."

ದೊಡ್ಡತ್ತೆ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು.

"ಅಂದ್ರ ಕೌದಿ ಹೊಲದಂಗ ಆತಲ್ರಿ. ಅಂಚಿನಿಂದ ಒಳಗೊಳಗ ಬರತೈತಿ." ಅಂಗೈ ಬಿಚ್ಚಿ ಅವರ ಮುಂದೆ ಹಿಡಿದಳು. "ಇನ್ನ ನಡಕ ಎಷ್ಟು ಉಳದೈತ್ರಿ ನಂದು? ಇಷ್ಟರೆ ಐತೇನು?"

ಡಾಕ್ಟರು ಆ ಅಂಗೈಯನ್ನು ಮೆಲ್ಲಗೆ ಮಡಚಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ಎಷ್ಟೋ ವರ್ಷ ಆ ನಡುವಿನ ಅಂಗೈಯಗಲದಿಂದಲೇ ಆಕೆ ಸೂಜಿ ಪೋಣಿಸಿದ್ದಳು. ಸುತ್ತ ಕವಿಯುತ್ತಿದ್ದ ಕತ್ತಲು ಸೂಜಿಗೆ ಗೊತ್ತಿರಲಿಲ್ಲ, ನಮಗೂ ಗೊತ್ತಾಗಲಿಲ್ಲ.

ಚೀಟಿ ಬರೆಯುತ್ತ ಡಾಕ್ಟರು ಕೇಳಿದರು: "ಇದು ರಕ್ತಸಂಬಂಧದಾಗ ಬರ್ತದ. ನಿಮಗ ಮಕ್ಕಳೆಷ್ಟು?"

ಆವತ್ತು ಆಕೆ ಮೊದಲ ಸಲ ಹೆದರಿದ್ದು ಆಗ. "ಒಬ್ಬನೇ ಮಗ" ಎಂದವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವನನ್ನು ಕರೆತರುವುದೇ ಕಷ್ಟವಾಯಿತು. ಗಣಿಯೊಳಗಿನ ಪಾಳಿ ಕೆಲಸ, ವಾರದ ರಜೆಗೆ ಮಸ್ಕಿಗೆ ಬರುತ್ತಿದ್ದ. ಕಣ್ಣಿನ ಮಾತು ತೆಗೆದರೆ ರೇಗುತ್ತಿದ್ದ. "ಕತ್ತಲಾಗ ತಲಿ ಮ್ಯಾಲಿನ ದೀಪದ ಬೆಳಕಿಗೆ ಕಲ್ಲಿನಾಗಿನ ಬಂಗಾರದ ಎಳಿ ಗುರುತ ಹಿಡಿತೀನಿ. ನನಗೇನಾಗೈತಿ ಬೇ?" ಒಳಗೊಳಗೆ ಅವನಿಗಿದ್ದದ್ದು ಬೇರೆ ಅಂಜಿಕೆ. ಕಣ್ಣಲ್ಲಿ ಏನಾದರೂ ಸಿಕ್ಕರೆ ಗಣಿಯ ಕೆಳಗಿನ ಕೆಲಸದಿಂದ ತೆಗೆದುಬಿಟ್ಟಾರೆಂದು ಹೆಂಡತಿಯ ಹತ್ತಿರ ಹೇಳಿದ್ದನಂತೆ. ಹೀಗೆ ಮುಂದೂಡುತ್ತಲೇ ಹೋದ. ದೊಡ್ಡತ್ತೆ ತನ್ನ ಕಣ್ಣಿಗೆ ಎರಡು ಹೊತ್ತು ಹನಿ ಹಾಕಿಸಿಕೊಳ್ಳುತ್ತಿದ್ದಳು, ಆದರೆ ಆಕೆಯ ಜೀವವೆಲ್ಲ ಅವನ ಕಣ್ಣಿನಲ್ಲಿತ್ತು.

ಒಂದು ಭಾನುವಾರ ಊಟವಾದ ಮೇಲೆ ಅವನನ್ನು ಕಟ್ಟೆಗೆ ಕರೆದಳು. ತೋಳಿನಿಂದ ಸೂಜಿ ಕಿತ್ತು, ದಾರದ ತುದಿ ಹೊಸಕಿ ಕೊಟ್ಟಳು. "ಪೋಣಿಸಲೇ ತಮ್ಮಾ."

ಅವನು ನಗುತ್ತಲೇ ಪೋಣಿಸಿದ. "ನೋಡು ಬೇ, ಹೋತು. ಸಾಕಿಲ್ಲೋ?"

"ಕೊಡಿಲ್ಲೆ." ಆಕೆ ದಾರ ಎಳೆದು ಹಾಕಿ, ತಾನೂ ಪೋಣಿಸಿದಳು. ಕತ್ತು ಓರೆ ಮಾಡಿ, ಸೂಜಿಯನ್ನು ಅತ್ತಿತ್ತ ಸರಿಸಿ, ಹೊತ್ತು ಹಿಡಿಯಿತು. ಆದರೂ ಪೋಣಿಸಿದಳು. "ನಂದೂ ಹೋತಿಲ್ಲೋ? ಈಗ ಎದ್ದು ಬಂದು ನನ್ನ ಬಾಜೂಕ ನಿಂದ್ರು."

ಅವನು ಬಂದು ಪಕ್ಕದಲ್ಲಿ ನಿಂತ. ದೊಡ್ಡತ್ತೆ ಮುಖ ಅಲ್ಲಾಡಿಸದೆ ಬೀದಿಯನ್ನೇ ನೋಡುತ್ತ ಕೂತಿದ್ದಳು.

"ನಿಂತೇನು?"

"ನಿಂತೀನಿ ಬೇ. ಇಲ್ಲೇ ಅದೀನಿ."

"ಇಲ್ಲೇ ಅದಿ ಅಂತ ನಿನ್ನ ದನಿ ಹೇಳತೈತಿ. ನನಗ ಕಾಣವಲ್ಲಿ ತಮ್ಮಾ. ಎದುರಿಗಿ ಬಾ. ಇನ್ನಷ್ಟು... ನೆಟ್ಟಗ ಎದುರಿಗಿ. ಹಾಂ, ಈಗ ಕಂಡಿ." ಆಮೇಲೆ ಹೇಳಿದಳು, "ನನಗ ನೀ ಒಬ್ಬನ ಅದಿ. ನಿನಗ ಎರಡು ಕೂಸು ಅದಾವ. ಅವು ನಿನ್ನ ಎದುರಿಗೇ ನಿಂದ್ರತಾವೇನು ಯಾವಾಗಲೂ?"

ಗಣಿಯೊಳಗೆ ಬಂಡೆ ಒಡೆಯುವ ಆ ಗಂಡಸು ಅವ್ವನ ಮಂಡಿಯ ಮೇಲೆ ಮುಖವಿಟ್ಟು ಅತ್ತುಬಿಟ್ಟ. ಮರುದಿನವೇ ಸಿಂಧನೂರಿಗೆ ಹೋದ. ಅವನಿಗೂ ಇತ್ತು. ಆದರೆ ಆಗಷ್ಟೇ ಶುರುವಾಗಿತ್ತು, ಬದಿಯ ನೋಟ ಇನ್ನೂ ಹೋಗಿರಲಿಲ್ಲ. ಹನಿ ತಪ್ಪಿಸದೆ ಹಾಕಿಕೊಂಡು, ಹೇಳಿದ ಹೊತ್ತಿಗೆ ಬಂದು ತೋರಿಸುತ್ತಿದ್ದರೆ ಉಳಿಸಿಕೊಳ್ಳಬಹುದು ಎಂದರು. ಅವನು ಬಂದು ಹೇಳಿದಾಗ ದೊಡ್ಡತ್ತೆ ಸೂಜಿಯನ್ನು ತೋಳಿನಿಂದ ಬಿಡಿಸಿ ನನ್ನ ಕೈಗೆ ಕೊಟ್ಟಳು. "ಇನ್ನ ಇದು ನಿನ್ನ ಹತ್ರ ಇರಲಿ. ಹರದದ್ದು ಹೊಲಿ. ಯಾರ ಕಣ್ಣೂ ನೋಡಬ್ಯಾಡ ಇದರಾಗ."

ಸುದ್ದಿ ತಿಳಿದು ಎದುರು ಮನೆಯ ಗೆಳತಿ ಬಂದಳು. ಬಂದವಳು ದೊಡ್ಡತ್ತೆಯ ಮುಂದೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತ ನೆನಪು ನನಗಿದೆ. ಆಮೇಲೆ ಓಣಿಯವರೆಲ್ಲ ಆಕೆಯನ್ನು ಎದುರಿಗೆ ಬಂದೇ ಮಾತಾಡಿಸುವುದು ರೂಢಿಯಾಯಿತು. ಹಟ್ಟಿಯ ಬಸ್ಸು ಹತ್ತುವವರು ಯಾರೇ ಸಿಕ್ಕಲಿ, ಆಕೆಯದು ಒಂದೇ ಬೇಡಿಕೆ: "ನನ್ನ ಮಗ ಕಂಡ್ರ ಹನಿ ಹಾಕ್ಕೊಂಡೇನು ಅಂತ ಕೇಳ್ರಿ." ಕಂಡಕ್ಟರುಗಳಿಗೂ ಅದು ಬಾಯಿಪಾಠವಾಗಿತ್ತು. ಗಣಿಯ ಬಾಗಿಲಲ್ಲಿ ಗುರುತಿಲ್ಲದವರು ಕೂಡ ಅವನಿಗೆ "ಹನಿ ಹಾಕ್ಕೊಂಡಿ ಏನಪಾ?" ಎಂದು ಕೇಳುತ್ತಿದ್ದರಂತೆ. ಅವನು ನಾಚಿ ಸಾಯುತ್ತಿದ್ದ, ಹಾಕಿಕೊಳ್ಳುತ್ತಲೂ ಇದ್ದ.

ಆಕೆಗೆ ಉಳಿದಿದ್ದ ಅಂಗೈಯಗಲವೂ ನಿಧಾನವಾಗಿ ಮುಚ್ಚುತ್ತ ಬಂತು. ಹನಿ ಅದನ್ನು ಕೆಲವು ವರ್ಷ ತಡೆಯಿತು, ಅಷ್ಟೇ. ಜವಳಗೇರಾದ ಹುಡುಗಿಯೇ ನಮ್ಮ ಮನೆ ಸೊಸೆಯಾಗಿ ಬಂದಳು, ಅವಳ ಕೂಸಿನ ಮುಖ ದೊಡ್ಡತ್ತೆಗೆ ಕಂಡಿತು. ಬೆಳಕಿನ ಕಡೆ ಹಿಡಿದು, ತುಣುಕು ತುಣುಕಾಗಿ, ಮೊದಲು ಒಂದು ಕಣ್ಣು, ಆಮೇಲೆ ಮೂಗು, ಆಮೇಲೆ ಬಾಯಿ ನೋಡಿದಳು. ಕೊನೆಗೆ ಬೆಳಕು, ಕತ್ತಲು ಇಷ್ಟೇ ತಿಳಿಯುತ್ತಿತ್ತು. "ನಮ್ಮಪ್ಪನಂಗ ನನಗ ಹಗ್ಗ ಕಟ್ಟಬ್ಯಾಡ್ರಿ" ಎಂದು ಬೇಡಿಕೊಂಡಿದ್ದಳು. ಕಟ್ಟಲಿಲ್ಲ. ನಾನೋ, ಮೈದುನನ ಹೆಂಡತಿಯೋ ಕೈ ಹಿಡಿದು ಕರೆದೊಯ್ಯುತ್ತಿದ್ದೆವು. ಆ ಕೈ ಹಿಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ. ಈಗ ನಾನು, ನನ್ನವರು, ಮೈದುನ ವರ್ಷಕ್ಕೊಮ್ಮೆ ಸಿಂಧನೂರಿಗೆ ಹೋಗಿ ಕಣ್ಣು ತೋರಿಸಿ ಬರುತ್ತೇವೆ. ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದಾಗ ಸಂತೋಷವಾಗುತ್ತದೆ, ಹಿಂದೆಯೇ ದೊಡ್ಡತ್ತೆ ಬಿಚ್ಚಿ ಹಿಡಿದಿದ್ದ ಅಂಗೈ ನೆನಪಾಗುತ್ತದೆ.

ನಾಲ್ಕು ದಿನದ ಜ್ವರದಲ್ಲಿ ಆಕೆ ಹೋದಳು. ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವಿನ ಸರ ಹಾಕಿದ್ದೆವು. ಭಜನೆ ನಡೆದಿತ್ತು. ಮಗ ಹಟ್ಟಿಯಿಂದ ಮಧ್ಯಾಹ್ನ ಬಂದವನು ಅವ್ವನ ಮಗ್ಗುಲಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತುಬಿಟ್ಟಿದ್ದ. ಹೊತ್ತು ಇಳಿಯುತ್ತಿತ್ತು. ದೀಪಕ್ಕೆ ಎಣ್ಣೆ ಹಾಕಲು ನಾನು ಎದ್ದಾಗ ಅವನು ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಹನಿಯ ಹೊತ್ತಾಗಿತ್ತು.

ಸೀಸೆ ತೆಗೆದವನು ಇದ್ದಲ್ಲೇ ಹಾಕಿಕೊಳ್ಳಲಿಲ್ಲ. ಎದ್ದು, ಜನರನ್ನು ಸರಿಸಿಕೊಂಡು ಬಂದು, ಅವ್ವನ ನೆಟ್ಟಗೆ ಎದುರಿಗೆ ಕೂತ. ತಲೆ ಹಿಂದಕ್ಕೆ ಚಾಚಿ ಒಂದು ಕಣ್ಣಿಗೆ ಹಾಕಿಕೊಂಡ, ಇನ್ನೊಂದಕ್ಕೆ ಹಾಕಿಕೊಂಡ. ಆಮೇಲೆ ಆಕೆಯ ಮುಚ್ಚಿದ ಕಣ್ಣುಗಳನ್ನು ನೋಡುತ್ತ ಹೇಳಿದ:

"ಯವ್ವಾ, ಹನಿ ಹಾಕ್ಕೊಂಡೀನಿ ಬೇ."